ಆಕಾಶದಲ್ಲಿ ಬಿಟ್ಟುಹೋದ ಸಾಲುಗಳು

ಹುಡುಕಬೇಕಾದ ಆಕಾಶವನ್ನು ಪಟ್ಟೆ ಮಾಡಿ ಹಂಚಿದ ದಿನವೇ ಒಬ್ಬರು ವಾಟ್ಸ್ಆಪ್ ಗುಂಪಿನಲ್ಲಿ ಬರೆದರು: “ಆ ಭಾಗ ಮುಖ್ಯವಾದದ್ದು. ಸ್ವಲ್ಪ ಅನುಭವ ಇರುವವರಿಗೆ ಕೊಟ್ಟರೆ ಒಳ್ಳೆಯದಲ್ಲವೇ?” ಹೆಸರು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಭಾಗ ಬಂದಿದ್ದು ನನ್ನ ಪಾಲಿಗೆ. ಗುಂಪಿನಲ್ಲಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನೊಬ್ಬನೇ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ನಾನೇ ಹೇಳಿಕೊಂಡಿದ್ದೆ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಹುಡುಕಾಟ ನಡೆಸುತ್ತಿದ್ದವರು ಹಾಸನದಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಡಂ. ಅವರು ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು: “ಅವರ ಗುಡ್ಡಕ್ಕೆ ಪೂರ್ವ ದಿಕ್ಕು ಪೂರ್ತಿ ತೆರೆದಿದೆ, ಅವರೇ ನೋಡಲಿ.” ಹೊಗಳಿದ್ದು ನನ್ನ ಗುಡ್ಡವನ್ನು, ನನ್ನ ಕಣ್ಣನ್ನಲ್ಲ. ಅದೂ ಚುಚ್ಚಿತು.

ಹುಡುಕಬೇಕಾಗಿದ್ದು ಧೂಮಕೇತುವಿನ ಒಂದು ಚೂರು. ಆ ಚಳಿಗಾಲದಲ್ಲಿ ಬಂದ ಧೂಮಕೇತು ಸೂರ್ಯನನ್ನು ಹತ್ತಿರದಿಂದ ಸುತ್ತಿ ಬರುವಾಗ ಒಡೆದಿತ್ತು. ದೊಡ್ಡ ತುಂಡು ದೊಡ್ಡ ಟೆಲಿಸ್ಕೋಪುಗಳಿಗೆ ಕಾಣುತ್ತಲೇ ಇತ್ತು. ಸಣ್ಣದು ಒಂದೆರಡು ಸಲ ಕಂಡು ಕಳೆದುಹೋಗಿತ್ತು. ದಾರಿ ಗೊತ್ತಾಗುವಷ್ಟು ಹೊತ್ತು ಯಾರೂ ಅದನ್ನು ನೋಡಿರಲಿಲ್ಲ, ಹಾಗಾಗಿ ದೊಡ್ಡ ತುಂಡಿನ ಹಿಂದೆ ಮುಂದೆ ಒಂದು ಉದ್ದನೆಯ ಜಾಗದಲ್ಲಿ ಎಲ್ಲಾದರೂ ಇರಬಹುದು ಅನ್ನುವಷ್ಟೇ ಲೆಕ್ಕ ಸಿಕ್ಕಿತ್ತು. ಇಂಥ ಚೂರು ಒಮ್ಮೊಮ್ಮೆ ಇದ್ದಕ್ಕಿದ್ದ ಹಾಗೆ ಇನ್ನಷ್ಟು ಒಡೆಯುತ್ತದೆ. ಒಳಗಿನ ಧೂಳು ಹೊರಗೆ ಚೆಲ್ಲಿ, ನಮ್ಮಂಥವರ ಟೆಲಿಸ್ಕೋಪಿಗೂ ಕಾಣುವಷ್ಟು ಬೆಳಗುತ್ತದೆ. ಬೆಳಗಿದರೂ ಕೆಲವೇ ದಿನ. ಮೇಡಂ ಆ ಉದ್ದನೆಯ ಜಾಗವನ್ನು ಪಟ್ಟೆ ಪಟ್ಟೆಯಾಗಿ ಕತ್ತರಿಸಿ ನಮಗೆಲ್ಲ ಹಂಚಿದ್ದರು. ಒಬ್ಬರು ತಮ್ಮ ಪಟ್ಟೆ ನೋಡಿ ಮುಗಿಸಿದೆ ಅಂದರೆ ನಕ್ಷೆಯಲ್ಲಿ ಅದಕ್ಕೆ ಹಸಿರು ಬಳಿಯುತ್ತಿದ್ದರು. ಹಸಿರಾದ ಕಡೆ ಮತ್ತೆ ಯಾರೂ ನೋಡುವುದಿಲ್ಲ. ಹುಣ್ಣಿಮೆ ಹತ್ತಿರ ಬರುತ್ತಿತ್ತು. ಅದು ಬಂದರೆ ಚಂದ್ರ ಮುಳುಗುವ ಮೊದಲೇ ಬೆಳಕು ಹರಿಯುತ್ತದೆ, ಕತ್ತಲೆಯ ಜಾವ ಅನ್ನುವುದೇ ಉಳಿಯುವುದಿಲ್ಲ. ಅಷ್ಟರೊಳಗೆ ನಕ್ಷೆ ಮುಗಿಯಬೇಕು.

ನಾನು ಮಗ್ಗೆಯಿಂದ ಮೇಲಕ್ಕೆ ಹೋಗುವ ರಸ್ತೆಯ ಒಂದು ಕಾಫಿ ಎಸ್ಟೇಟಿನಲ್ಲಿ ಪಲ್ಪರ್ ಮೆಕ್ಯಾನಿಕ್. ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರ ಕೊಯ್ಲಿನ ಕಾಲದಲ್ಲಿ ಒಂದು ದಿನವೂ ನಿಲ್ಲುವಂತಿಲ್ಲ. ಸಂಜೆ ಹಣ್ಣು ಬಂದು ಸುರಿದ ಮೇಲೆ ನನ್ನ ಕೆಲಸ ಶುರು, ಬೆಳಗಿನ ಜಾವ ಎದ್ದು ಗುಡ್ಡ. ನಡುವೆ ಎಷ್ಟು ಸಿಕ್ಕಿತೋ ಅಷ್ಟೇ ನಿದ್ದೆ.

ಟೆಲಿಸ್ಕೋಪಿನ ಕನ್ನಡಿ ಮೇಡಂ ನಡೆಸಿದ ಶಿಬಿರದಲ್ಲಿ ನಾನೇ ಉಜ್ಜಿದ್ದು. ಸ್ಟ್ಯಾಂಡ್ ಅಂತೂ ಪೂರ್ತಿ ನನ್ನದೇ ಬುದ್ಧಿ. ಹಳೆಯ ಪಲ್ಪರ್ ಒಂದರ ಹಲ್ಲಿನ ಚಕ್ರ ತೆಗೆದು ಅದಕ್ಕೆ ಕೂರಿಸಿದ್ದೆ. ಕೊಕ್ಕೆ ಎತ್ತಿ ಒಂದು ಹಲ್ಲು ಬಿಟ್ಟರೆ ಟ್ಯೂಬು ಟಕ್ ಅಂತ ಒಂದು ಮೆಟ್ಟಿಲು ಇಳಿಯುತ್ತದೆ. ಕಣ್ಣಿಟ್ಟಾಗ ಒಂದು ಸಲಕ್ಕೆ ಕಾಣುವುದು ಎರಡು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಇಟ್ಟಷ್ಟು ಅಗಲದ ಆಕಾಶ. ಒಂದು ಹಲ್ಲಿಗೆ ಇಳಿಯುವುದು ಒಂದೂವರೆ ಚಂದ್ರನಷ್ಟು. ಅಂದರೆ ಹಿಂದಿನ ಸಾಲಿನ ಮೇಲೆ ಅರ್ಧ ಚಂದ್ರನಷ್ಟು ಹೊದಿಕೆ ಇದ್ದೇ ಇರುತ್ತದೆ, ನಡುವೆ ಏನೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಶಿಬಿರಕ್ಕೆ ಬಂದವರು ಆ ಚಕ್ರದ ಫೋಟೋ ತೆಗೆದುಕೊಂಡು ಹೋಗಿದ್ದರು.

ಮೊದಲನೇ ಜಾವ ಮಂಜು ಗುಡ್ಡದ ನೆತ್ತಿಯವರೆಗೂ ಏರಿ ಏನೂ ಕಾಣಲಿಲ್ಲ. ಮಾರನೆಯ ಜಾವ ಅದು ಹಾಲಿನ ಕೆನೆಯ ಹಾಗೆ ಕೆಳಗೇ ಕೂತಿತ್ತು, ಮೇಲೆ ತೊಳೆದಿಟ್ಟ ಆಕಾಶ. ಕೆಲಸ ಹೇಗೆ ಮಾಡಬೇಕು ಅನ್ನುವುದರ ಬಗ್ಗೆ ನನಗೆ ಅನುಮಾನವೇ ಇರಲಿಲ್ಲ. ನಮ್ಮ ಇಳಿಜಾರಿನ ತೋಟದಲ್ಲಿ ಹಣ್ಣು ಕುಯ್ಯುವುದು ಮೇಲಿನ ಅಂಚಿನಿಂದ. ಅಡ್ಡಡ್ಡ ಒಂದು ಸಾಲು ಮುಗಿಸಿ, ಅದರ ಕೆಳಗಿನ ಸಾಲು ಹಿಡಿದು ವಾಪಸ್ ಬರುವುದು. ಚೀಲವೂ ಜೊತೆಗೇ ರಸ್ತೆಯ ಕಡೆ ಇಳಿಯುತ್ತಾ ಬರುತ್ತದೆ, ಹೊತ್ತು ಹತ್ತಬೇಕಿಲ್ಲ. ನಾನೂ ಹಾಗೆಯೇ ಮಾಡಿದೆ. ಪಟ್ಟೆಯ ಮೇಲಿನ ಅಂಚಿಗೆ ಟ್ಯೂಬು ಹಿಡಿದು, ಎಡದಿಂದ ಬಲಕ್ಕೆ ಕೈ ಚಾಚಿ ಹಿಡಿದ ಮುಷ್ಟಿಯಷ್ಟು ಅಗಲ ನಿಧಾನಕ್ಕೆ ಸರಿಸಿದೆ. ಒಂದು ಸಾಲಿಗೆ ನಾಲ್ಕು ನಿಮಿಷ. ಟಕ್, ಒಂದು ಹಲ್ಲು ಕೆಳಗೆ. ಬಲದಿಂದ ಎಡಕ್ಕೆ. ಟಕ್.

ಹುಡುಕುವುದು ಹೊಳೆಯುವ ಚುಕ್ಕಿಯನ್ನಲ್ಲ. ಗಾಜಿನ ಮೇಲೆ ಉಸಿರು ಬಿಟ್ಟ ಹಾಗೆ ಒಂದು ಮಸುಕು, ಅಷ್ಟೇ. ಆ ಭಾಗದಲ್ಲಿ ಮೋಸ ಮಾಡಲು ಗೋಳಗುಚ್ಛಗಳಿರುತ್ತವೆ. ದೂರದ ನಕ್ಷತ್ರಗಳ ಗುಂಪು ಅವು, ನೋಡಲು ಥೇಟ್ ಧೂಮಕೇತುವಿನ ಹಾಗೆಯೇ. ಆದ್ದರಿಂದ ಮಸುಕು ಕಂಡ ಕೂಡಲೇ ಪುಸ್ತಕದ ನಕ್ಷೆಯಲ್ಲಿ ಅಲ್ಲಿ ಗುಚ್ಛ ಇದೆಯೋ ಇಲ್ಲವೋ ಅಂತ ನೋಡಬೇಕು. ನನ್ನ ಪಟ್ಟೆಯಲ್ಲಿ ಎರಡು ಗುಚ್ಛ ಗುರುತಾಗಿದ್ದವು. ಒಂದು ಸಿಕ್ಕಿತು. ಇನ್ನೊಂದು ಸಿಗಲಿಲ್ಲ. ಅದು ಕೆಳಗಿತ್ತು, ದಿಗಂತದ ಮಬ್ಬಿನಲ್ಲಿ ಮುಚ್ಚಿಹೋಗಿರಬೇಕು ಅಂದುಕೊಂಡೆ.

ಬೇರೆಯವರು ಎರಡು ಮೂರು ಜಾವ ತೆಗೆದುಕೊಂಡ ಕೆಲಸ ನನ್ನದು ಒಂದೇ ಜಾವಕ್ಕೆ ಮುಗಿಯಿತು. ಗುಂಪಿಗೆ ಹಾಕಿದೆ: “ಪೂರ್ತಿ ನೋಡಿದೆ. ಇಲ್ಲ.” ಅನುಭವದ ಮಾತೆತ್ತಿದ್ದವರು ಚಪ್ಪಾಳೆಯ ಚಿತ್ರ ಹಾಕಿದರು. ನಕ್ಷೆ ಹಸಿರಾಯಿತು. ಅಕ್ಕಪಕ್ಕದ ಪಟ್ಟೆಯವರಿಗೆ ಮೇಡಂ ಬೇರೆ ಜಾಗ ತೋರಿಸಿದರು.

ಆ ಬೆಳಗ್ಗೆ ಸ್ಟೋರಿನ ಮುಂದೆ ಹಣ್ಣು ಕುಯ್ಯುವ ಹೆಂಗಸರು ಸೇರಿದ್ದರು. ಅವರ ಮೇಸ್ತ್ರಿ ನನಗಿಂತ ಹಿರಿಯಳು, ಬಾಯಿ ಬಿಟ್ಟರೆ ಯಾರನ್ನೂ ಬಿಡುವವಳಲ್ಲ. ನನ್ನ ಕೆಂಪು ಕಣ್ಣು ನೋಡಿ ಕೇಳಿದಳು.

“ಏನ್ ಮಾರಾಯ, ಸಿಕ್ತಾ ನಿನ್ ಬಾಲದ್ ಚುಕ್ಕಿ?”

“ಇಲ್ಲ ಅಕ್ಕ. ನನ್ ಪಾಲಿಗ್ ಬಂದಿದ್ದೆಲ್ಲಾ ನೋಡ್ ಮುಗುಸ್ದೆ. ಅಲ್ಲಿಲ್ಲ.”

“ಅಷ್ಟ್ ದೊಡ್ ಆಕಾಶ ಅದ್ಯಂಗೋ ನೋಡ್ದೆ?”

“ನೀವ್ ಹಣ್ ಕುಯ್ದಂಗೆ. ಮೇಲಿಂದ ಸಾಲ್ ಹಿಡ್ಕೊಂಡ್ ಇಳುದ್ ಬಂದೆ. ಒಂದ್ ಸಾಲೂ ಬುಟ್ಟಿಲ್ಲ.”

ಅವಳು ಹಿಂದಿದ್ದವರ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. “ನಮ್ ಗಿಡ ನೆಟ್ಟಲ್ಲೇ ನಿಂತಿರ್ತವೆ ಕಣೋ. ನಿನ್ ಚುಕ್ಕಿ ಏನ್ ನಿಂಗೋಸ್ಕರ ಕಾಯ್ಕಂಡ್ ನಿಂತಿರ್ತವಾ? ನೀನ್ ಕೆಳಿಕ್ ಇಳ್ಯೋದು, ಅವು ನಿನ್ ತಲೆ ಮ್ಯಾಲಾಸಿ ಹತ್ಕಂಡ್ ಹೋಗೋದು. ಚೆನ್ನಾಗೈತೆ ನಿನ್ ಕುಯ್ಲು.”

ಹೆಂಗಸರೆಲ್ಲ ನಕ್ಕರು. ನಾನೂ ನಕ್ಕೆ. “ಹಣ್ಣಿನ್ ತೂಕದ್ ಮ್ಯಾಲ್ ಕಣ್ಣಿರ್ಲಿ ಅಕ್ಕ, ಆಕಾಶ ನಂಗ್ ಬುಡು” ಅಂತ ಹೇಳಿ ಪಲ್ಪರ್ ಮನೆಗೆ ಬಂದೆ. ಬಂದು ಬೇರಿಂಗಿಗೆ ಗ್ರೀಸ್ ತುಂಬುತ್ತಿದ್ದವನ ಕೈ ಅಲ್ಲೇ ನಿಂತಿತು.

ಅವಳು ನಗಿಸಲು ಅಂದ ಮಾತು ಅದು. ನಕ್ಷತ್ರ ಮೂಡಿ ಏರುತ್ತದೆ ಅನ್ನುವುದು ನನಗೇನು ಹೊಸದಲ್ಲ, ಮಗುವಿಗೂ ಗೊತ್ತು. ಆದರೆ ಇಷ್ಟು ದಿನ ನಾನು ನೋಡಿದ್ದೆಲ್ಲ ಇರುವ ಜಾಗ ಗೊತ್ತಿದ್ದ ವಸ್ತುಗಳು. ಹೋಗಿ ಹಿಡಿಯುವುದು, ಅದು ಜರುಗಿದರೆ ಟ್ಯೂಬನ್ನು ಕೈಯಲ್ಲಿ ತಳ್ಳುವುದು. ಸಾಲು ಹಿಡಿದು ಗುಡಿಸಿದ್ದು ಇದೇ ಮೊದಲು. ನಾಲ್ಕು ನಿಮಿಷದ ಒಂದು ಸಾಲಿನಲ್ಲಿ ಆಕಾಶ ಎಷ್ಟು ಏರುತ್ತದೆ ಅಂತ ನಾನು ಕೇಳಿಕೊಂಡಿರಲೇ ಇಲ್ಲ. ಹಲ್ಲು ಎಣಿಸುವುದರಲ್ಲೇ ಇದ್ದೆ.

ಇಡೀ ದಿನ ಕಾಲು ಒಂದು ಕಡೆ ನಿಲ್ಲಲಿಲ್ಲ. ಸಂಜೆ ಹಣ್ಣಿನ ಟ್ರ್ಯಾಕ್ಟರ್ ಬರುವ ಮೊದಲು ಟೆಲಿಸ್ಕೋಪನ್ನು ಕಾಫಿ ಒಣಗಿಸುವ ಕಣಕ್ಕೆ ಹೊತ್ತು ತಂದೆ. ಪಶ್ಚಿಮದಲ್ಲಿ ಒಂದು ನಕ್ಷತ್ರ ಹಿಡಿದು, ಅದನ್ನು ಸರಿಯಾಗಿ ನಡುವೆ ಇಟ್ಟು, ಕೊಕ್ಕೆ ಬಿಗಿದು ಕೈ ಕಟ್ಟಿಕೊಂಡು ನಿಂತೆ. ಎರಡು ನಿಮಿಷಕ್ಕೆ ಅದು ಅಂಚಿಗೆ ಬಂತು. ನಡುವಿನಿಂದ ಅಂಚಿಗೆ ಒಂದು ಚಂದ್ರನಷ್ಟು. ನಾಲ್ಕು ನಿಮಿಷಕ್ಕೆ ಎರಡು ಚಂದ್ರನಷ್ಟು. ಸಂಜೆ ಇಳಿಯುವುದು ಜಾವದಲ್ಲಿ ಏರುತ್ತದೆ, ವೇಗ ಅದೇ. ನಾನು ಒಂದೂವರೆ ಚಂದ್ರನಷ್ಟು ಕೆಳಗೆ ಇಳಿದಾಗೆಲ್ಲ ಆಕಾಶ ಎರಡು ಚಂದ್ರನಷ್ಟು ಮೇಲೆ ಹೋಗಿತ್ತು. ಕಂಡಿದ್ದು ಎರಡು ಚಂದ್ರನಗಲ, ದಾಟಿ ಬಂದಿದ್ದು ಮೂರೂವರೆ. ಒಂದು ಸಾಲು ನೋಡಿ, ಹತ್ತಿರ ಹತ್ತಿರ ಇನ್ನೊಂದು ಸಾಲು ಬಿಟ್ಟು, ಮತ್ತೊಂದು ನೋಡಿದ್ದೆ. ಎರಡನೇ ಗುಚ್ಛವನ್ನು ನುಂಗಿದ್ದು ಮಬ್ಬಲ್ಲ. ಅದು ನಾನು ಬಿಟ್ಟ ಸಾಲಿನಲ್ಲಿ ಕೂತಿತ್ತು. ಚೂರೂ ಅಲ್ಲೇ ಕೂತಿದ್ದರೆ?

ನನ್ನ ಮೊದಲನೇ ಯೋಚನೆ ಸುಮ್ಮನಿರುವುದಾಗಿತ್ತು. ಮಾರನೆಯ ಜಾವ ಹೋಗಿ ಬಿಟ್ಟಿದ್ದನ್ನೆಲ್ಲ ನೋಡಿಬಿಡುವುದು. ಇದ್ದರೆ ಸಿಕ್ಕಿತು ಅನ್ನುವುದು, ಇಲ್ಲದಿದ್ದರೆ ಹಸಿರು ಹೇಗೂ ಹಸಿರಾಗೇ ಇದೆ. ಯಾರಿಗೂ ಗೊತ್ತಾಗುವುದಿಲ್ಲ. ಹೇಗೆ ನೋಡಬೇಕು ಅನ್ನುವುದೂ ಹೊಳೆದಿತ್ತು. ಟ್ಯೂಬನ್ನು ಇಳಿಸಲೇಬಾರದು. ಪೂರ್ವದ ಅಂಚಿನ ಮೇಲೆ ಒಂದೇ ಎತ್ತರಕ್ಕೆ ನಿಲ್ಲಿಸಿ, ಎಡಕ್ಕೂ ಬಲಕ್ಕೂ ಇನ್ನೂ ಬೇಗ ಆಡಿಸುತ್ತಿದ್ದರೆ ಸಾಕು. ಆಕಾಶವೇ ಒಂದೊಂದು ಸಾಲಾಗಿ ಏರಿ ಬಂದು ಮುಂದೆ ನಿಲ್ಲುತ್ತದೆ.

ಕತ್ತಲು ದಟ್ಟವಾಗುವ ಹೊತ್ತಿಗೆ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದರು. ಗುಡ್ಡದ ಬುಡದಲ್ಲಿ ಆನೆ ಗುಂಪು ಇಳಿದಿದೆ, ಬೆಳಕಾಗುವವರೆಗೆ ಯಾರೂ ಹೊರಗೆ ಕಾಲಿಡಬಾರದು ಅಂತ ಅರಣ್ಯದವರು ಹೇಳಿ ಹೋಗಿದ್ದರು. ಕೆಲಸಗಾರರ ಲೈನ್ ಮನೆಗಳ ಸುತ್ತ ದೊಡ್ಡ ದೀಪಗಳನ್ನೆಲ್ಲ ಹಾಕಿಸಿದರು.

“ನಾನ್ ಜೀಪಲ್ ಹೋಗ್ತೀನಿ ಕಣ್ರೀ ರೈಟ್ರೇ, ನಡ್ಕೊಂಡಲ್ಲ.”

“ಜೀಪೇನ್ ಆನೆಗ್ ಬೆಂಕಿಪೊಟ್ಣ ಇದ್ದಂಗೆ. ಸುಮ್ನೆ ಮಲೀಕಳ್ರೀ. ನಿಮ್ ಚುಕ್ಕಿ ನಾಳಿಕ್ಕೂ ಇರ್ತದೆ.”

“ಇರಾಕಿಲ್ಲ ಅನ್ನೋದೇ ತಾಪತ್ರಯ.”

“ಹಂಗಾದ್ರೆ ನೀವಾದ್ರೂ ನಾಳಿಕ್ಕಿರಿ” ಅಂದರು ರೈಟರ್.

ಆ ಜಾವ ಎದ್ದು ಬಾಗಿಲಲ್ಲಿ ಕೂತೆ. ಕೂತಲ್ಲಿ ಕೂರಲಾಗದೆ ಎದ್ದೆ. ದೀಪದ ಬೆಳಕಿನ ಆಚೆ ಎಲ್ಲೋ ಆನೆಗಳು ಬೈನೆ ಮರ ಮುರಿಯುವ ಸದ್ದು. ನಕ್ಷೆ ತೆಗೆದು ನೋಡಿದೆ, ನನ್ನ ಪಟ್ಟೆ ಹಸಿರಾಗಿ ಕೂತಿತ್ತು. ಆಕಾಶ ಆ ದಿನವೂ ಶುಭ್ರವಾಗಿತ್ತು. ಎಲ್ಲೆಲ್ಲೋ ಯಾರ್ಯಾರೋ ಟೆಲಿಸ್ಕೋಪು ಹಿಡಿದು ನಿಂತಿದ್ದರು, ಒಬ್ಬರೂ ಆ ಕಡೆ ತಿರುಗುವುದಿಲ್ಲ. ಅಲ್ಲಿಲ್ಲ ಅಂತ ನಾನು ಅಂದಿದ್ದೆನಲ್ಲ. ಹುಣ್ಣಿಮೆಗೆ ಮುಂಚೆ ಕತ್ತಲೆ ಸಿಗುವ ಜಾವ ಇನ್ನು ಎರಡು ಉಳಿದಿದ್ದವು.

ಬೆಳಗ್ಗೆ ಪಲ್ಪರಿನ ಬೆಲ್ಟು ತರಲು ಸಕಲೇಶಪುರಕ್ಕೆ ಹೋಗಬೇಕಾಯಿತು. ಆನೆಗಳು ಅಲ್ಲೇ ಇವೆ, ಮಾರನೆಯ ಜಾವವೂ ದಾರಿ ಬಂದ್ ಅಂತ ಹೊರಡುವಾಗಲೇ ಸುದ್ದಿ ಬಂತು. ಹಿಂದಿರುಗುವಾಗ ಹೆದ್ದಾರಿಯ ಪಕ್ಕ ಬೈಕ್ ನಿಲ್ಲಿಸಿದೆ. ನಿಲ್ಲಿಸಿ ಸುಮಾರು ಹೊತ್ತು ಸುಮ್ಮನೆ ಲಾರಿಗಳನ್ನು ನೋಡುತ್ತಾ ನಿಂತೆ. ಹೆಗಲಲ್ಲಿ ಬೆಲ್ಟಿತ್ತು. ಇನ್ನು ನಾನೇ ಹೋಗಿ ನೋಡಿಬಿಡುತ್ತೇನೆ ಅನ್ನುವ ಮಾತು ಉಳಿದಿರಲಿಲ್ಲ. ಸುಮ್ಮನಿದ್ದರೆ ಆ ಜಾಗವನ್ನು ಯಾರೂ ನೋಡುವುದಿಲ್ಲ, ಅಷ್ಟೇ. ಮೇಡಂಗೆ ಫೋನ್ ಮಾಡಿದೆ.

“ಮೇಡಂ, ನನ್ ಪಟ್ಟೆ ಹಸ್ರು ಅಳ್ಸಿ.”

“ಯಾಕೆ?”

“ಅರ್ಧ ನೋಡಿಲ್ಲ. ನೋಡ್ದೆ ಅನ್ಕೊಂಡ್ಬುಟ್ಟೆ.”

ಹೇಗೆ ಅಂತ ವಿವರಿಸಿದೆ. ನಡುವೆ ಒಂದು ಟ್ಯಾಂಕರ್ ಹೋಯಿತು, ಆ ಭಾಗ ಇನ್ನೊಮ್ಮೆ ಹೇಳಬೇಕಾಯಿತು. ತಪ್ಪನ್ನು ಎರಡು ಸಲ ಹೇಳುವುದು ಮೊದಲನೇ ಸಲಕ್ಕಿಂತ ಕಷ್ಟ.

“ಒಂದು ಗುಚ್ಛ ಕಾಣಲಿಲ್ಲ ಅಂತ ನೀವು ಅವತ್ತು ಹೇಳಲಿಲ್ಲ” ಅಂದರು ಮೇಡಂ.

“ಹೇಳ್ಲಿಲ್ಲ.”

“ಹೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು.”

“ಗೊತ್ತಾಗ್ತಿತ್ತು.”

ಅವರು ಬೈಯಲಿಲ್ಲ. ಅರಸೀಕೆರೆ ಕಡೆ ಔಷಧಿ ಅಂಗಡಿ ಇಟ್ಟುಕೊಂಡಿದ್ದ ಒಬ್ಬರನ್ನು ಕೇಳಬೇಕು ಅಂದರು. ಅವರ ಪಟ್ಟೆಯೇ ಅರ್ಧ ಬಾಕಿ ಇತ್ತು. ಅದನ್ನು ಅಲ್ಲಿಗೇ ಬಿಟ್ಟು ನನ್ನದಕ್ಕೆ ಬರಬೇಕು, ಯಾಕೆಂದರೆ ನನ್ನದು ದೊಡ್ಡ ತುಂಡಿಗೆ ಹತ್ತಿರದ್ದು. “ಗುಂಪಿಗೆ ನಾನು ಬರೆಯಲಾ?”

“ಬ್ಯಾಡ ಮೇಡಂ. ನಾನೇ ಬರೀತೀನಿ.”

ಮೊದಲು ‘ಇಬ್ಬನಿಯಿಂದಾಗಿ’ ಅಂತ ಶುರು ಮಾಡಿದೆ. ಅಳಿಸಿದೆ. ‘ಸ್ಟ್ಯಾಂಡಿನ ತೊಂದರೆಯಿಂದ’ ಅಂತ ಬರೆದೆ. ಸ್ಟ್ಯಾಂಡಿನಲ್ಲಿ ಏನು ತೊಂದರೆ, ಅದು ಹೇಳಿದಷ್ಟು ಇಳಿದಿತ್ತು. ಅದನ್ನೂ ಅಳಿಸಿದೆ. ಕೊನೆಗೆ ಹೋಗಿದ್ದು ಇಷ್ಟು: “ನನ್ನ ಪಟ್ಟೆಯಲ್ಲಿ ಸುಮಾರು ಅರ್ಧ ನೋಡಿಲ್ಲ. ಪೂರ್ತಿ ನೋಡಿದೆ ಅಂದಿದ್ದು ತಪ್ಪು. ಇಲ್ಲಿ ಆನೆ ಇರುವುದರಿಂದ ನಾಳೆ ನಾನು ಹೋಗುವಂತಿಲ್ಲ. ದಯವಿಟ್ಟು ಬೇರೆಯವರು ನೋಡಿ.” ಎಲ್ಲರೂ ಓದಿದ್ದು ಕಾಣುತ್ತಿತ್ತು. ಅನುಭವದ ಮಾತೆತ್ತಿದ್ದವರೇ ಮೊದಲು ಬರೆದರು: “ಪರವಾಗಿಲ್ಲ, ಹೀಗೆಲ್ಲ ಆಗುತ್ತೆ.” ಬೈದಿದ್ದರೆ ವಾಸಿಯಿತ್ತು. ಔಷಧಿ ಅಂಗಡಿಯವರು ಬರೆದಿದ್ದು ಆಮೇಲೆ: “ನಾಳೆ ನಾನು ನಿಮ್ಮದು ನೋಡ್ತೀನಿ. ನನ್ನದು ಬಾಕಿ ಉಳಿಯುತ್ತೆ. ಅದು ನಿಮಗೆ.”

ಮರುದಿನ ಅವರ ಸುದ್ದಿ ಬರುವವರೆಗೆ ನಾನು ಪಲ್ಪರ್ ಮನೆಯಿಂದ ಸಿಗ್ನಲ್ ಸಿಗುವ ತಿರುವಿಗೆ ಎಷ್ಟು ಸಲ ಓಡಾಡಿದೆನೋ. ಚೂರು ಅಲ್ಲಿ ಸಿಗಲಿ ಅಂತಲೂ ಅನ್ನಿಸುತ್ತಿತ್ತು, ಸಿಗದಿರಲಿ ಅಂತಲೂ ಅನ್ನಿಸುತ್ತಿತ್ತು. ಬಂತು: “ಪೂರ್ತಿ ಆಯ್ತು. ಎರಡೂ ಗುಚ್ಛ ಸಿಕ್ಕವು. ಬೇರೆ ಏನೂ ಇಲ್ಲ.”

ಸ್ವಲ್ಪ ಹೊತ್ತಿಗೆ ಮೇಡಂ ಫೋನ್ ಬಂತು. ದನಿಯಲ್ಲಿ ನಗುವಿತ್ತು. “ನೋಡಿ, ಸುಮ್ಮನೆ ತಲೆ ಕೆಡಿಸಿಕೊಂಡಿರಿ. ನಿಮ್ಮ ವರದಿ ಸರಿಯಾಗೇ ಇತ್ತು. ನಿಮ್ಮ ಹೆಸರನ್ನೂ ಹಾಗೇ ಇಡ್ತೀನಿ. ಇಬ್ಬರು ನೋಡಿದ ಹಾಗಾಯಿತು.”

“ಬ್ಯಾಡ ಮೇಡಂ. ನನ್ ಹೆಸ್ರು ತಗೀರಿ.”

“ಯಾಕ್ರೀ? ಇಲ್ಲ ಅಂದಿರಿ, ಇರಲಿಲ್ಲ.”

“ನೋಡ್ದಿರೋ ಕಡೆ ಇಲ್ಲ ಅಂದೆ. ಅದು ಇಲ್ದೆ ಇದ್ದಿದ್ದು ನನ್ ಪುಣ್ಯ, ನನ್ ಕೆಲ್ಸ ಅಲ್ಲ. ಕುಯ್ಯದ್ ಸಾಲಿಗೆ ಕೂಲಿ ಇಸ್ಕಂಡ್ರೆ ನಮ್ಮಲ್ಲಿ ಉಗೀತಾರೆ.”

“ಹಠ ಜಾಸ್ತಿ ನಿಮಗೆ.”

“ಐತೆ ಮೇಡಂ.”

ಅವರು ಹೆಸರು ತೆಗೆದರು. ಆ ಸಂಜೆ ಆನೆಗಳು ಹೊಳೆ ದಾಟಿ ಆಚೆ ಕಾಡಿಗೆ ಹೋದವು ಅಂತ ಅರಣ್ಯದವರು ತಿಳಿಸಿದರು. ಕೊನೆಯ ಜಾವಕ್ಕೆ ರೈಟರ್ ಜೀಪು ಕೊಟ್ಟರು. ನಂಬಿಕೆ ಸಾಲದೆ ತಾವೂ ಬಂದರು, ಬಂದು ಮುಂದಿನ ಸೀಟಿನಲ್ಲಿ ಕಂಬಳಿ ಹೊದ್ದು ನಿದ್ದೆ ಹೋದರು. ಚಂದ್ರ ಪಶ್ಚಿಮದ ಗುಡ್ಡದ ಹಿಂದೆ ಇಳಿಯುವುದನ್ನೇ ಕಾದೆ. ಅದು ಮುಳುಗಿ ಬೆಳಕು ಹರಿಯುವ ನಡುವೆ ಉಳಿದಿದ್ದು ಒಂದು ತೆಳು ಕತ್ತಲೆ.

ಔಷಧಿ ಅಂಗಡಿಯವರು ಬಾಕಿ ಬಿಟ್ಟ ಪಟ್ಟೆ ಮೂಡುವ ಕಡೆ, ಟ್ಯೂಬನ್ನು ಪೂರ್ವದ ಅಂಚಿನ ಮೇಲೆ ನಿಲ್ಲಿಸಿ ಕೊಕ್ಕೆಯನ್ನು ತಂತಿಯಲ್ಲಿ ಬಿಗಿದು ಕಟ್ಟಿದೆ. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ. ಸಾಲು ಮುಗಿದಾಗೆಲ್ಲ ಕೈ ತಾನಾಗಿ ಚಕ್ರದ ಕಡೆ ಹೋಗುತ್ತಿತ್ತು. ಇಷ್ಟು ವರ್ಷ ಯಂತ್ರಗಳ ಜೊತೆ ಬದುಕಿದವನಿಗೆ ಏನೂ ತಿರುಗಿಸದೆ ನಿಲ್ಲುವುದು ಚಿತ್ರಹಿಂಸೆ. ಆದರೆ ಪ್ರತಿ ಸಾಲಿನಲ್ಲೂ ಹಿಂದಿನ ಸಾಲಿನ ಒಂದು ನಕ್ಷತ್ರ ಮೇಲಂಚಿನಲ್ಲಿ ಸಿಗುತ್ತಿತ್ತು. ಅದು ಸಿಕ್ಕರೆ ನಡುವೆ ಏನೂ ಬಿಟ್ಟಿಲ್ಲ ಅಂತ ಅರ್ಥ. ನಕ್ಷೆಯಲ್ಲಿದ್ದ ಗುಚ್ಛಗಳು ಬರಬೇಕಾದ ಕಡೆಯೇ ಬಂದವು.

ಆಮೇಲೆ ಇನ್ನೊಂದು ಮಸುಕು ಬಂತು. ನಕ್ಷೆಯಲ್ಲಿ ಅಲ್ಲಿ ಏನೂ ಇರಲಿಲ್ಲ.

ಎರಡು ಸಲ ನೋಡಿದೆ. ಅಂಗಿಗೆ ಕೈ ಒರೆಸಿಕೊಂಡು ಮಸೂರ ಬದಲಿಸಿ, ಹೆಚ್ಚು ದೊಡ್ಡದಾಗಿ ತೋರಿಸುವುದನ್ನು ಹಾಕಿದೆ. ಮಸುಕು ಬಿಚ್ಚಿಕೊಂಡು ಮೂರು ಸಣ್ಣ ನಕ್ಷತ್ರಗಳಾಯಿತು. ಒತ್ತೊತ್ತಾಗಿ ಕೂತ ಮೂರು ಬಡ ನಕ್ಷತ್ರ, ಅಷ್ಟೇ. ಅಷ್ಟು ಹೊತ್ತಿಗೆ ಒಂದು ಸಾಲಿಗಿಂತ ಹೆಚ್ಚು ಆಕಾಶ ನನ್ನನ್ನು ದಾಟಿ ಮೇಲೆ ಹೋಗಿತ್ತು. ತಂತಿ ಬಿಚ್ಚಿ, ಟ್ಯೂಬು ಎತ್ತಿ, ಕೊನೆಯ ಸಾಲಿನ ನಕ್ಷತ್ರವನ್ನು ಹುಡುಕಿ ಹಿಡಿದು, ಅಲ್ಲಿಂದ ಮತ್ತೆ ಶುರು ಮಾಡಿದೆ. ದಿಗಂತ ಬೂದಿ ಬಣ್ಣಕ್ಕೆ ತಿರುಗುವಾಗ ಕೊನೆಯ ಸಾಲು ಮುಗಿಯಿತು.

ಆ ಚೂರು ಇವತ್ತಿಗೂ ಯಾರಿಗೂ ಸಿಕ್ಕಿಲ್ಲ. ಧೂಳಾಗಿ ಹೋಗಿರಬಹುದು ಅನ್ನುತ್ತಾರೆ. ಹಾಗೆ ಅನ್ನಬೇಕಾದರೂ ಎಲ್ಲೆಲ್ಲಿ ಇರಲಿಲ್ಲ ಅನ್ನುವುದು ಗೊತ್ತಿರಬೇಕು.

ಗುಡ್ಡದ ಮೇಲಿಂದಲೇ ಕಳಿಸಿದೆ: “ಪೂರ್ತಿ ನೋಡಿದೆ. ಇಲ್ಲ.” ರೈಟರನ್ನು ಎಬ್ಬಿಸಿ ಜೀಪು ಇಳಿಸಿಕೊಂಡು ಬರುವಾಗ ಮೇಲಿನ ಬ್ಲಾಕಿನ ಅಂಚಿನಲ್ಲಿ ಹೆಂಗಸರು ಸೊಂಟಕ್ಕೆ ಚೀಲ ಕಟ್ಟುತ್ತಿದ್ದರು. ಮೇಸ್ತ್ರಿ ಜೀಪಿಗೆ ಕೈ ಅಡ್ಡ ಹಿಡಿದಳು.

“ಇವತ್ತಾದ್ರೂ ಸಿಕ್ತೇನೋ?”

“ಇಲ್ಲ ಅಕ್ಕ.”

“ಅವತ್ತೂ ಇಲ್ಲ ಅಂದಿದ್ದೆ.”

“ಅವತ್ತು ಇಲ್ಲ ಅಂತ ಬರೀ ಅಂದಿದ್ದೆ. ಇವತ್ತು ಇಲ್ಲ ಅಂತ ಗೊತ್ತೈತೆ.”

ಅವಳು ನನ್ನ ಮುಖ ನೋಡಿದಳು. ತಿರುಗಿ ತನ್ನವರನ್ನು ಸಾಲಿಗೆ ಹಚ್ಚಿದಳು.